ಸರ್ವರ್ ಮಲಗಿದರೂ ಬಿಲ್ಲಿಂಗ್ ನಿಲ್ಲಬಾರದು: ಚಿಕ್ಕ ಆಫೀಸಿಗೆ ಎರಡು ಮಷೀನಿನ ಫೇಲ್‌ಓವರ್

ಇದು ದೊಡ್ಡ ಡೇಟಾ ಸೆಂಟರ್ ನಡೆಸುವವರಿಗಲ್ಲ. ಇಪ್ಪತ್ತು ಮೂವತ್ತು ಕಂಪ್ಯೂಟರ್, ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್, ಅದರ ಮೇಲೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ನಂಬಿಕೊಂಡ ಬಿಲ್ಲಿಂಗ್ ಸಾಫ್ಟ್‌ವೇರ್, ನೆಟ್‌ವರ್ಕಿನಲ್ಲಿ ಎಲ್ಲರೂ ಫೈಲ್ ಸುರಿಯುವ ಒಂದು ಸಾಂಬಾ ಫೋಲ್ಡರ್, ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್, ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಕೂಡ ಅದರಲ್ಲೇ. ಸಹಕಾರ ಸಂಘ, ರಕ್ತ ಪರೀಕ್ಷೆಯ ಲ್ಯಾಬ್, ಸಿಎ ಆಫೀಸು, ಪ್ರಿಂಟಿಂಗ್ ಪ್ರೆಸ್ಸು, ಎಲ್ಲಿ ಹೋದರೂ ಹೆಚ್ಚುಕಡಿಮೆ ಇದೇ ಚಿತ್ರ. ಆ ಸರ್ವರ್ ಬೆಳಿಗ್ಗೆ ಹತ್ತು ಗಂಟೆಗೆ ಮಲಗಿದರೆ ಏನು ಮಾಡಬೇಕು, ಮಲಗುವ ಮೊದಲೇ ಏನು ಮಾಡಿಟ್ಟಿರಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ. ಒಂದು ಸರ್ವರ್ ಬಿದ್ದಾಗ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳುವುದಕ್ಕೇ ಫೇಲ್‌ಓವರ್ ಅನ್ನುತ್ತಾರೆ.

ಮಷೀನ್ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ಮತ್ತೆ ಕೂರಿಸಿಕೊಳ್ಳಬಹುದು? ಇದನ್ನು ಮಾಲೀಕರ ಹತ್ತಿರ ಕೇಳಬೇಡಿ, ಅವರು ‘ಒಂದು ನಿಮಿಷಾನೂ ಆಗಲ್ಲ’ ಅನ್ನುತ್ತಾರೆ, ಆಮೇಲೆ ಕೊಟೇಶನ್ ನೋಡಿ ಸುಮ್ಮನಾಗುತ್ತಾರೆ. ಕೌಂಟರ್‌ನಲ್ಲಿ ಕೂರುವವರನ್ನು ಕೇಳಿ. ‘ಹತ್ತು ನಿಮಿಷ ರಸೀದಿ ಪುಸ್ತಕದಲ್ಲಿ ಬರೆದು ಕೊಡ್ತೀವಿ, ಆದ್ರೆ ನಿನ್ನೆಯ ಬಿಲ್ಲೆಲ್ಲಾ ಮತ್ತೆ ಹೊಡಿ ಅಂದ್ರೆ ಆಗಲ್ಲ’ ಎಂಬ ಉತ್ತರ ಬಂದರೆ ನಿಮ್ಮ ಅರ್ಧ ಡಿಸೈನ್ ಮುಗಿದ ಹಾಗೆ. ಹತ್ತು ನಿಮಿಷ ನಿಲ್ಲಬಹುದು, ಡೇಟಾ ಮಾತ್ರ ಹೋಗಬಾರದು. ನಾನು ಇಲ್ಲಿ ಹೇಳುವುದೆಲ್ಲ ಈ ಲೆಕ್ಕಕ್ಕೆ ಕಟ್ಟಿದ್ದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಫೇಲ್‌ಓವರ್ ಬೇರೆ, ಬ್ಯಾಕಪ್ ಬೇರೆ. ಯಾರೋ ಷರತ್ತು ಹಾಕದೆ ಡಿಲೀಟ್ ಕೊಟ್ಟು ಸದಸ್ಯರ ಟೇಬಲ್ ಪೂರ್ತಿ ಅಳಿಸಿದರೆ, ಎರಡನೇ ಸರ್ವರ್ ಅದನ್ನು ಒಂದು ಸೆಕೆಂಡಿನೊಳಗೆ ನಿಷ್ಠೆಯಿಂದ ಅಳಿಸುತ್ತದೆ. ಒಂದೇ ಸರ್ವರಿನಲ್ಲಿ ಹಲವು ಡಿಸ್ಕ್ ಜೋಡಿಸುವ ರೇಡ್ ಕೂಡ ಹಾಗೇ, ಡಿಸ್ಕ್ ಸತ್ತರೆ ಕಾಪಾಡುತ್ತದೆ, ಮನುಷ್ಯ ತಪ್ಪು ಮಾಡಿದರೆ ಕಾಪಾಡುವುದಿಲ್ಲ. ಎರಡನೇ ಸರ್ವರ್ ಇದೆ ಎಂದು ಬ್ಯಾಕಪ್ ನಿಲ್ಲಿಸಿದ ಆಫೀಸುಗಳಿವೆ. ಒಂದೇ ಸರ್ವರ್ ಇದ್ದಾಗ ಅವರು ಇದಕ್ಕಿಂತ ಸುರಕ್ಷಿತವಾಗಿದ್ದರು.

ಮೊದಲು ಕರೆಂಟು, ಕೇಬಲ್ಲು

ಎರಡು ಸರ್ವರ್ ಕೊಂಡು ಎರಡನ್ನೂ ಒಂದೇ ಯುಪಿಎಸ್‌ಗೆ, ಒಂದೇ ಸ್ವಿಚ್ಚಿಗೆ, ಒಂದೇ ಪ್ಲಗ್ ಬೋರ್ಡಿಗೆ ಸಿಕ್ಕಿಸಿದರೆ ಎರಡು ಬಿಲ್ ಕಟ್ಟಿ ಒಂದು ಸರ್ವರ್ ಕೊಂಡ ಹಾಗಾಯಿತು. ಯುಪಿಎಸ್ ಎರಡಿರಲಿ. ನೆಟ್‌ವರ್ಕ್ ಸ್ವಿಚ್ ಎರಡಿರಲಿ. ಸಾಧ್ಯವಿದ್ದರೆ ಎರಡನೇ ಸರ್ವರ್ ಬೇರೆ ಕೋಣೆಯಲ್ಲಿರಲಿ, ಬೇರೆ ಮಹಡಿಯಾದರೆ ಇನ್ನೂ ಒಳ್ಳೆಯದು. ನೆಲಮಾಳಿಗೆಯಲ್ಲಂತೂ ಯಾವುದನ್ನೂ ಇಡಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಔಟರ್ ರಿಂಗ್ ರೋಡ್ ಸುತ್ತ ಬೇಸ್‌ಮೆಂಟುಗಳು ತುಂಬಿದ್ದನ್ನು ನೋಡಿದ್ದೀರಿ ಅಲ್ವಾ.

ಯುಪಿಎಸ್ ಬ್ಯಾಟರಿ ಸತ್ತಿದೆ ಎಂದು ಗೊತ್ತಾಗುವುದು ಹೆಚ್ಚಾಗಿ ಕರೆಂಟು ಹೋದಾಗಲೇ. ಲೆಡ್ ಆಸಿಡ್ ಬ್ಯಾಟರಿ ನಮ್ಮ ಸೆಖೆಗೆ ಎರಡು ಮೂರು ವರ್ಷ ಬಂದರೆ ಹೆಚ್ಚು. ಹಾಕಿದ ತಿಂಗಳು ಮತ್ತು ವರ್ಷವನ್ನು ಮಾರ್ಕರ್‌ನಿಂದ ಬ್ಯಾಟರಿ ಮೇಲೇ ಬರೆದಿಡಿ. ಯುಪಿಎಸ್‌ನಿಂದ ಯುಎಸ್‌ಬಿ ಕೇಬಲ್ ಎಳೆದು ಸರ್ವರ್‌ನಲ್ಲಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿ. ಅದನ್ನು ಎಲ್ಲರೂ ನಟ್ ಅನ್ನುತ್ತಾರೆ, ಪುಕ್ಕಟೆ ಸಿಗುತ್ತದೆ. ಬ್ಯಾಟರಿ ಕೊನೆಗೆ ಬಂದಾಗ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಕರೆಂಟು ದಿಢೀರ್ ಕಡಿದು ಫೈಲ್ ಸಿಸ್ಟಂ ಕೆಡುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ.

ಮಲೆನಾಡು, ಕರಾವಳಿಯವರಿಗೆ ಸಿಡಿಲಿನ ಕಾಟ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಯುಪಿಎಸ್ ಚೆನ್ನಾಗಿಯೇ ಇರುತ್ತದೆ, ಸುಡುವುದು ಸ್ವಿಚ್ಚಿನ ಪೋರ್ಟು. ಪಕ್ಕದ ಗೋದಾಮಿಗೋ ಹಿಂದಿನ ಕಟ್ಟಡಕ್ಕೋ ಹೊರಗಡೆಯಿಂದ ಎಳೆದ ತಾಮ್ರದ ಕೇಬಲ್ ಇರುತ್ತದಲ್ಲ, ಸಿಡಿಲಿನ ಹೊಡೆತ ಅದರಲ್ಲೇ ಒಳಗೆ ಬರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವಲ್ಲಿ ಫೈಬರ್ ಹಾಕಿ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಗಟ್ಟಿತನಕ್ಕೆಂದು ಉಕ್ಕಿನ ತಂತಿ ಅಥವಾ ಕವಚ ಇರುವ ಫೈಬರ್ ಕೊಂಡರೆ ಆ ಲೋಹ ಮತ್ತೆ ಅದೇ ಕೆಲಸ ಮಾಡುತ್ತದೆ. ಲೋಹವೇ ಇಲ್ಲದ್ದನ್ನು ಕೇಳಿ ತನ್ನಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ಬಾಯಿಮಾತು ನಂಬಬೇಡಿ.

ಡಿಸ್ಕ್ ಬಗ್ಗೆ ಒಂದೇ ಮಾತು: ಎರಡೂ ಸರ್ವರ್‌ಗೆ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬ್ಯಾಚಿನ ಡಿಸ್ಕ್ ಕೊಳ್ಳಬೇಡಿ. ಒಟ್ಟಿಗೆ ಹುಟ್ಟಿದವು ಹೆಚ್ಚುಕಡಿಮೆ ಒಟ್ಟಿಗೇ ಸಾಯುವುದುಂಟು.

ವಿಳಾಸದ ಲೆಕ್ಕ

ನೆಟ್‌ವರ್ಕ್ 192.168.10 ಸಾಲಿನದು ಎಂದುಕೊಳ್ಳೋಣ. ಮೊದಲ ಸರ್ವರ್‌ಗೆ 192.168.10.11, ಎರಡನೆಯದಕ್ಕೆ 192.168.10.12. ಇವು ಮಷೀನಿನ ಸ್ವಂತ ವಿಳಾಸ, ನೀವು ಲಾಗಿನ್ ಆಗಲು ಮಾತ್ರ. ಸಿಬ್ಬಂದಿಯ ಯಾವ ಕಂಪ್ಯೂಟರಿಗೂ ಇವು ಗೊತ್ತಿರಬಾರದು. ಇವುಗಳ ಮೇಲೆ ಎರಡು ತೇಲುವ ವಿಳಾಸ ಇಡಿ, ಅಂದರೆ ಯಾವ ಸರ್ವರ್ ಕೆಲಸದಲ್ಲಿದೆಯೋ ಅದಕ್ಕೆ ಹಾರಿ ಹೋಗುವ ವಿಳಾಸ. ಡಿಎನ್‌ಎಸ್, ಒಳಗಿನ ವೆಬ್ ಪುಟದಂಥ ಸಣ್ಣ ಸೇವೆಗಳಿಗೆ 192.168.10.10, ಡೇಟಾಬೇಸ್ ಮತ್ತು ಫೈಲುಗಳಿಗೆ 192.168.10.15. ಡಿಎಚ್‌ಸಿಪಿ ಇವನ್ನು ಯಾರಿಗೂ ಹಂಚದ ಹಾಗೆ ಮೊದಲ ಐವತ್ತು ನಂಬರನ್ನು ಹೊರಗಿಡಿ.

ಒಂದರ ಬದಲು ಎರಡು ಯಾಕೆ? ಈ ಬರಹದಲ್ಲಿ ನಾನು ಹಠ ಹಿಡಿಯುವುದು ಇಲ್ಲೇ. ಡಿಎನ್‌ಎಸ್‌ನಂಥ ಸೇವೆಗೆ ನೆನಪಿಡಬೇಕಾದ್ದು ಏನೂ ಇಲ್ಲ, ಯಾರು ಉತ್ತರ ಕೊಟ್ಟರೂ ಒಂದೇ. ಅದು ತಾನಾಗಿ ಹಾರಲಿ. ಡೇಟಾಬೇಸ್ ಹಾಗಲ್ಲ. ಅದು ತಪ್ಪು ಹೊತ್ತಿನಲ್ಲಿ ಹಾರಿದರೆ ನಿಂತಿದ್ದಕ್ಕಿಂತ ಹತ್ತು ಪಟ್ಟು ತೊಂದರೆ. ಎರಡೇ ಮಷೀನ್ ಇರುವ ಆಫೀಸಿನಲ್ಲಿ ಡೇಟಾಬೇಸನ್ನು ಮನುಷ್ಯನೇ ಎತ್ತಬೇಕು. ಕಾರಣ ಮುಂದೆ ಹೇಳುತ್ತೇನೆ.

ಈಗ ಬೇಸರದ ಕೆಲಸ. ಪ್ರತಿ ಕಂಪ್ಯೂಟರಿನ ಬಿಲ್ಲಿಂಗ್ ಸೆಟ್ಟಿಂಗ್‌ನಲ್ಲಿ, ಮ್ಯಾಪ್ ಮಾಡಿದ ಡ್ರೈವಿನಲ್ಲಿ, ಸ್ಕ್ಯಾನ್ ಮಾಡಿ ಫೋಲ್ಡರಿಗೆ ಹಾಕುವ ಪ್ರಿಂಟರಿನಲ್ಲಿ, ಹಾಜರಾತಿಯ ಬೆರಳಚ್ಚು ಮಷೀನಿನಲ್ಲಿ ಹಳೆಯ ಐಪಿ ಕೂತಿರುತ್ತದೆ. ಎಲ್ಲವನ್ನೂ ಹುಡುಕಿ ಹೆಸರಿಗೆ ಬದಲಿಸಿ, ಹೆಸರು ಒಪ್ಪದ ಮಷೀನಿಗೆ ತೇಲುವ ಐಪಿ ಕೊಡಿ. ಒಂದು ಬಿಟ್ಟುಹೋದರೂ ಫೇಲ್‌ಓವರ್ ದಿನ ಅದೊಂದೇ ಕೆಲಸ ಮಾಡುವುದಿಲ್ಲ, ಎಲ್ಲರೂ ‘ಸರ್ವರ್ ಸರಿಯಾಗಿಲ್ಲ’ ಎಂದು ಫೋನ್ ಮಾಡುತ್ತಾರೆ.

ತಾನಾಗಿ ಹಾರುವ ಐಪಿ

192.168.10.10ಕ್ಕೆ ಕೀಪ್‌ಅಲೈವ್‌ಡಿ ಎಂಬ ಸಾಫ್ಟ್‌ವೇರ್ ಸಾಕು. ಒಳಗಡೆ ಓಡುವುದು ವಿಆರ್‌ಆರ್‌ಪಿ ಎಂಬ ಪ್ರೋಟೋಕಾಲ್. ಐಪಿ ಹಿಡಿದ ಮಷೀನ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು 224.0.0.18 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, ಅಂದರೆ ಹಲವರಿಗೆ ಒಟ್ಟಿಗೆ ಕೇಳುವ ವಿಳಾಸಕ್ಕೆ, ಹೇಳುತ್ತಿರುತ್ತದೆ. ಆ ಸದ್ದು ನಿಂತರೆ ಇನ್ನೊಂದು ಎದ್ದು ಐಪಿಯನ್ನು ತಾನು ಹಾಕಿಕೊಳ್ಳುತ್ತದೆ. ಎಷ್ಟು ಹೊತ್ತು ಕಾಯುತ್ತದೆ ಎನ್ನುವುದಕ್ಕೂ ಲೆಕ್ಕವಿದೆ: ಮೂರು ಸದ್ದು ತಪ್ಪಬೇಕು, ಜೊತೆಗೆ 256ರಿಂದ ತನ್ನ ಪ್ರಯಾರಿಟಿ ಕಳೆದು 256ರಿಂದ ಭಾಗಿಸಿದಷ್ಟು ಸೆಕೆಂಡ್. ಎರಡನೇ ಸರ್ವರಿನ ಪ್ರಯಾರಿಟಿ 100 ಆದರೆ ಸುಮಾರು 3.6 ಸೆಕೆಂಡ್. ಬ್ರೌಸರ್ ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಎರಡೂ ಮಷೀನಿನಲ್ಲಿ ಪ್ಯಾಕೇಜ್ ಹಾಕಿ, ಕಾನ್ಫಿಗರೇಶನ್ ಫೈಲಿನಲ್ಲಿ ಇಂಟರ್‌ಫೇಸ್ ಹೆಸರು, ತೇಲುವ ಐಪಿ, ಪ್ರಯಾರಿಟಿ ಕೊಡಿ. ಮೊದಲನೆಯದಕ್ಕೆ 150, ಎರಡನೆಯದಕ್ಕೆ 100. ಇಲ್ಲಿ ಜನ ಎಡವುವ ಜಾಗಗಳಿವೆ. ವರ್ಚುವಲ್ ರೂಟರ್ ಐಡಿ ಎಂದು 1ರಿಂದ 255ರೊಳಗಿನ ನಂಬರ್ ಕೇಳುತ್ತದೆ. ಮಾದರಿ ಫೈಲಿನಲ್ಲಿ 51 ಇರುತ್ತದೆ, ಎಲ್ಲರೂ ಅದನ್ನೇ ಬಿಡುತ್ತಾರೆ, ಅದೇ ನೆಟ್‌ವರ್ಕಿನಲ್ಲಿ ಇನ್ನೊಬ್ಬರು ಹಾಕಿದ ಕೀಪ್‌ಅಲೈವ್‌ಡಿ ಇದ್ದರೆ ಎರಡೂ ಗುದ್ದಾಡುತ್ತವೆ. ಬೇರೆ ನಂಬರ್ ಹಾಕಿ. ಪಾಸ್‌ವರ್ಡ್ ಜಾಗದಲ್ಲಿ ಉದ್ದದ್ದು ಕೊಟ್ಟರೂ ಅದು ಓದುವುದು ಮೊದಲ 8 ಅಕ್ಷರ ಮಾತ್ರ, ಅದನ್ನು ದೊಡ್ಡ ಭದ್ರತೆ ಎಂದು ತಿಳಿಯಬೇಡಿ. ಫೈರ್‌ವಾಲ್‌ನಲ್ಲಿ ಪ್ರೋಟೋಕಾಲ್ 112 ಬಿಡಬೇಕು. ಇದು ಟಿಸಿಪಿಯೂ ಅಲ್ಲ ಯುಡಿಪಿಯೂ ಅಲ್ಲ, ಪೋರ್ಟ್ ನಂಬರ್ ಹುಡುಕಿ ಸಮಯ ಕಳೆಯಬೇಡಿ. ಕೆಲವು ಸ್ವಿಚ್ಚುಗಳು ಮಲ್ಟಿಕಾಸ್ಟ್ ನುಂಗಿಹಾಕುತ್ತವೆ, ಆಗ ಎರಡೂ ಸರ್ವರ್ ತಾವೇ ಯಜಮಾನರೆಂದು ಕೂರುತ್ತವೆ. ಹಾಗಾದರೆ ಯುನಿಕಾಸ್ಟ್ ಪಿಯರ್ ಆಯ್ಕೆಯಲ್ಲಿ ಒಂದಕ್ಕೆ ಇನ್ನೊಂದರ ಸ್ವಂತ ಐಪಿ ಹೇಳಿಬಿಡಿ. ನಾನು ಈಗ ಮೊದಲಿನಿಂದಲೇ ಹೀಗೆ ಹಾಕುತ್ತೇನೆ, ತಲೆನೋವು ಕಡಿಮೆ.

ಬಿದ್ದ ಸರ್ವರ್ ಮತ್ತೆ ಎದ್ದ ಕೂಡಲೇ ಐಪಿ ಕಿತ್ತುಕೊಳ್ಳಬಾರದು. ಅದು ಎದ್ದು, ಬಿದ್ದು, ಎದ್ದು, ಬಿದ್ದು ಮಾಡುತ್ತಿದ್ದರೆ ಆಫೀಸಿನವರೂ ಅದರ ಜೊತೆ ಕುಣಿಯಬೇಕಾಗುತ್ತದೆ. ಅದಕ್ಕೆ ಎರಡರಲ್ಲೂ ಆರಂಭದ ಸ್ಥಿತಿ ಬ್ಯಾಕಪ್ ಎಂದೇ ಇಟ್ಟು ನೋ-ಪ್ರಿಎಂಪ್ಟ್ ಹಾಕಿ. ಹೀಗೆ ಹಾಕಿದಾಗ ಇನ್ನೊಂದು ವಿಷಯ ಗಮನಿಸಿ. ಸೇವೆ ಸತ್ತಿದೆಯೇ ಎಂದು ನೋಡುವ ಚೆಕ್ ಸ್ಕ್ರಿಪ್ಟಿಗೆ ವೇಯ್ಟ್ ಕೊಟ್ಟರೆ ಮೊದಲ ಸರ್ವರಿನ ಪ್ರಯಾರಿಟಿ ಕೆಳಗಿಳಿಯುತ್ತದೆ, ಆದರೆ ಎರಡನೆಯದು ನೋ-ಪ್ರಿಎಂಪ್ಟ್ ಪಾಲಿಸಿಕೊಂಡು ಸುಮ್ನೆ ಕೂತೇ ಇರುತ್ತದೆ. ವೇಯ್ಟ್ ಕೊಡದೆ ಬಿಡಿ. ಆಗ ಚೆಕ್ ಸೋತರೆ ಮೊದಲನೆಯದು ಫಾಲ್ಟ್ ಸ್ಥಿತಿಗೆ ಹೋಗಿ ತಾನೇ ಐಪಿ ಬಿಡುತ್ತದೆ, ಎರಡನೆಯದು ಎತ್ತಿಕೊಳ್ಳುತ್ತದೆ. ಚೆಕ್ ಸ್ಕ್ರಿಪ್ಟ್ ಎರಡು ಸೆಕೆಂಡಿಗೊಮ್ಮೆ ಓಡಲಿ, ಮೂರು ಸಲ ಸೋತ ಮೇಲೆ ಮಾತ್ರ ಸತ್ತಿದೆ ಎನ್ನಲಿ. ಪ್ರೋಸೆಸ್ ಇದೆಯೇ ಎಂದು ನೋಡಿದರೆ ಸಾಲದು. ಅದು ಇದ್ದೂ ಉತ್ತರ ಕೊಡದೆ ನಿಂತಿರಬಹುದು. ನಿಜವಾಗಿಯೇ ಒಂದು ಹೆಸರನ್ನು ಡಿಎನ್‌ಎಸ್‌ಗೆ ಕೇಳಿ ಉತ್ತರ ಬಂತೇ ಎಂದು ನೋಡಬೇಕು.

ಐಪಿ ಹಾರಿದಾಗ ಹೊಸ ಯಜಮಾನ ‘ಈ ವಿಳಾಸ ಈಗ ನನ್ನದು’ ಎಂದು ಎಆರ್‌ಪಿ ಪ್ಯಾಕೆಟ್ಟಿನಲ್ಲಿ ಊರಿಗೆಲ್ಲ ಹೇಳುತ್ತದೆ. ಕಂಪ್ಯೂಟರುಗಳು ಕೇಳುತ್ತವೆ. ಹಳೆಯ ಪ್ರಿಂಟರ್, ಬೆರಳಚ್ಚು ಮಷೀನುಗಳು ಕೆಲವೊಮ್ಮೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಆ ಘೋಷಣೆಯನ್ನು ಆಗಾಗ ಮತ್ತೆ ಕಳಿಸುವ ಆಯ್ಕೆ ಕೀಪ್‌ಅಲೈವ್‌ಡಿಯಲ್ಲೇ ಇದೆ, ನಿಮಿಷಕ್ಕೊಮ್ಮೆ ಇಟ್ಟರೆ ಸಾಕು.

ಡಿಎಚ್‌ಸಿಪಿಗೆ ಹಾರಾಟವೇ ಬೇಡ. ಎರಡೂ ಸರ್ವರಿನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ ಓಡಲಿ, ಒಂದು 100ರಿಂದ 149, ಇನ್ನೊಂದು 150ರಿಂದ 199 ಹಂಚಲಿ. ಯಾವುದಾದರೂ ಒಂದು ಬದುಕಿದ್ದರೆ ಸಾಕು. ಅಥಾರಿಟೇಟಿವ್ ಎಂಬ ಆಯ್ಕೆಯನ್ನು ಎರಡರಲ್ಲೂ ಹಾಕಬೇಡಿ, ಒಂದು ಕೊಟ್ಟ ವಿಳಾಸಕ್ಕೆ ಇನ್ನೊಂದು ತಕರಾರು ತೆಗೆಯಬಾರದು.

ಡೇಟಾಬೇಸ್

ಒಂದು ಸರ್ವರಿನ ಬದಲಾವಣೆಯನ್ನು ಆಗಾಗಲೇ ಇನ್ನೊಂದಕ್ಕೆ ನಕಲಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ ಪೋಸ್ಟ್‌ಗ್ರೆಸ್‌ನಲ್ಲಿ 2010ರಲ್ಲಿ ಬಂದ 9.0 ಆವೃತ್ತಿಯಿಂದಲೂ ಇದೆ. ಬಿಲ್ ಬರೆಸಿಕೊಳ್ಳುವ ಸರ್ವರ್ ಪ್ರೈಮರಿ, ನಕಲು ಇಟ್ಟುಕೊಂಡು ಕಾಯುವುದು ಸ್ಟ್ಯಾಂಡ್‌ಬೈ. 12ರಿಂದ ಮುಂದೆ ತುಂಬಾ ಸುಲಭವಾಯಿತು, ಆದ್ದರಿಂದ ಹಳೆಯದ್ದಿದ್ದರೆ ಮೊದಲು ಅಪ್‌ಗ್ರೇಡ್ ಮಾಡಿಕೊಳ್ಳಿ.

ಎರಡೂ ಮಷೀನಿನಲ್ಲಿ ಒಂದೇ ಲಿನಕ್ಸ್, ಒಂದೇ ಆವೃತ್ತಿ ಇರಬೇಕು. ಪೋಸ್ಟ್‌ಗ್ರೆಸ್ ಆವೃತ್ತಿ ಒಂದೇ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಅದು ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯಿಂದ ಕೇಳಿ ತಿಳಿಯುತ್ತದೆ. 2018ರ 2.28 ಆವೃತ್ತಿಯಲ್ಲಿ ಆ ಕ್ರಮ ದೊಡ್ಡದಾಗಿ ಬದಲಾಯಿತು. ಒಂದು ಸರ್ವರ್ ಅದಕ್ಕಿಂತ ಹಳೆಯದು, ಇನ್ನೊಂದು ಹೊಸದು ಆಗಿದ್ದರೆ ರೆಪ್ಲಿಕೇಶನ್ ಚೆನ್ನಾಗಿಯೇ ಓಡುತ್ತಿರುತ್ತದೆ, ಫೇಲ್‌ಓವರ್ ಆದ ದಿನ ಮಾತ್ರ ಹೆಸರು ಹಾಕಿ ಹುಡುಕಿದರೆ ಇರುವ ಸದಸ್ಯರೇ ಸಿಗುವುದಿಲ್ಲ. ಡೇಟಾ ಇರುತ್ತದೆ, ಇಂಡೆಕ್ಸ್ ದಾರಿ ತಪ್ಪಿರುತ್ತದೆ.

ಮೊದಲ ಸರ್ವರಿನಲ್ಲಿ ರೆಪ್ಲಿಕೇಶನ್‌ಗೆಂದೇ ಒಬ್ಬ ಯೂಸರ್ ಮಾಡಿ. ಯಾರು ಎಲ್ಲಿಂದ ಬರಬಹುದು ಎಂದು ಹೇಳುವ ಎಚ್‌ಬಿಎ ಫೈಲಿನಲ್ಲಿ 192.168.10.12ಕ್ಕೂ 192.168.10.11ಕ್ಕೂ ಅನುಮತಿ ಈಗಲೇ ಬರೆದಿಡಿ, ಮುಂದೊಂದು ದಿನ ಪಾತ್ರ ಅದಲುಬದಲಾಗುತ್ತದೆ. ಯಾವ ವಿಳಾಸದಲ್ಲಿ ಕೇಳಬೇಕು ಎನ್ನುವಲ್ಲಿ ನಕ್ಷತ್ರ ಚಿಹ್ನೆ ಹಾಕಿ. ತೇಲುವ 192.168.10.15 ಎಂದು ಬರೆದರೆ, ಆ ಐಪಿ ಇನ್ನೂ ಬಂದಿರದ ಮಷೀನಿನಲ್ಲಿ ಪೋಸ್ಟ್‌ಗ್ರೆಸ್ ಅದನ್ನು ಹಿಡಿಯಲಾರದು. ಎರಡನೇ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಅದರ ಡೇಟಾ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಮೊದಲನೆಯದರ ಪೂರ್ತಿ ನಕಲು ತರುವ ಪಿಜಿ ಬೇಸ್‌ಬ್ಯಾಕಪ್ ಓಡಿಸಿ. ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟರೆ ‘ನಾನು ಸ್ಟ್ಯಾಂಡ್‌ಬೈ’ ಎಂದು ಹೇಳುವ ಸಿಗ್ನಲ್ ಫೈಲನ್ನೂ ಸಂಪರ್ಕದ ವಿವರವನ್ನೂ ಅದೇ ಬರೆದುಬಿಡುತ್ತದೆ. 50 ಜಿಬಿ ಡೇಟಾಬೇಸ್ ಒಂದು ಗಿಗಾಬಿಟ್ ಕೇಬಲ್‌ನಲ್ಲಿ ಹತ್ತು ಹದಿನೈದು ನಿಮಿಷದ ಕೆಲಸ.

ರೆಪ್ಲಿಕೇಶನ್ ಸ್ಲಾಟ್ ಹಾಕಿದರೆ ಸ್ಟ್ಯಾಂಡ್‌ಬೈ ಸ್ವಲ್ಪ ಹೊತ್ತು ಆಫ್ ಇದ್ದರೂ ಮೊದಲನೆಯದು ಅದಕ್ಕಾಗಿ ಬದಲಾವಣೆಗಳ ಲಾಗ್ ಉಳಿಸಿಟ್ಟು ಕಾಯುತ್ತದೆ. ಕಾಯುವುದು ಒಳ್ಳೆಯದೇ, ಆದರೆ ಸ್ಟ್ಯಾಂಡ್‌ಬೈ ಸತ್ತು ವಾರವಾದರೂ ಯಾರೂ ನೋಡದಿದ್ದರೆ ಲಾಗ್ ಬೆಳೆದು ಬೆಳೆದು ಡಿಸ್ಕ್ ತುಂಬಿ, ಚೆನ್ನಾಗಿದ್ದ ಮೊದಲ ಸರ್ವರೂ ನಿಲ್ಲುತ್ತದೆ. ಕಾಪಾಡಲೆಂದು ಇಟ್ಟದ್ದೇ ಕೊಂದ ಹಾಗಾಯಿತು. 13ನೇ ಆವೃತ್ತಿಯಿಂದ ಸ್ಲಾಟ್ ಎಷ್ಟು ಲಾಗ್ ಹಿಡಿದಿಡಬಹುದು ಎಂದು ಮಿತಿ ಹಾಕಬಹುದು, ಖಂಡಿತ ಹಾಕಿ.

ಸಿಂಕ್ರೋನಸ್ ಮಾಡಲೇ, ಅಂದರೆ ಸ್ಟ್ಯಾಂಡ್‌ಬೈ ಬರೆದುಕೊಂಡ ಮೇಲೇ ಬಿಲ್ ಮುಗಿಯುವ ಹಾಗೆ ಇಡಲೇ ಎಂದು ಕೇಳುವವರಿದ್ದಾರೆ. ಎರಡೇ ಮಷೀನ್ ಇದ್ದಾಗ ಬೇಡ. ಸ್ಟ್ಯಾಂಡ್‌ಬೈ ಬಿದ್ದರೆ ಮೊದಲನೆಯದೂ ಅದರ ಒಪ್ಪಿಗೆಗಾಗಿ ಕಾಯುತ್ತಾ ನಿಲ್ಲುತ್ತದೆ, ಒಂದು ಬಿದ್ದರೂ ನಿಲ್ಲಬಾರದು ಎಂದು ಹೊರಟವರಿಗೆ ಯಾವುದು ಬಿದ್ದರೂ ನಿಲ್ಲುವ ವ್ಯವಸ್ಥೆ ಸಿಗುತ್ತದೆ. ಅಸಿಂಕ್ರೋನಸ್‌ನಲ್ಲಿ ಲೋಕಲ್ ನೆಟ್‌ವರ್ಕಿನ ಮೇಲೆ ಹೋಗಬಹುದಾದ್ದು ಸಾಮಾನ್ಯವಾಗಿ ಸೆಕೆಂಡಿನೊಳಗಿನ ಕೆಲಸ. ಅಂದರೆ ಹೆಚ್ಚೆಂದರೆ ಕೊನೆಯ ಒಂದೆರಡು ಬಿಲ್ಲು.

ಇನ್ನು, ಇದನ್ನೂ ತಾನಾಗಿ ಹಾರಲು ಯಾಕೆ ಬಿಡಬಾರದು ಅನ್ನುವುದು. ಎರಡು ಸರ್ವರ್ ನಡುವಿನ ಕೇಬಲ್ ಮಾತ್ರ ಕಿತ್ತುಹೋಯಿತು ಎಂದುಕೊಳ್ಳಿ. ಎರಡೂ ಜೀವಂತ. ಎರಡಕ್ಕೂ ಇನ್ನೊಂದು ಸತ್ತಂತೆ ಕಾಣುತ್ತದೆ. ಎರಡನೆಯದು ತಾನೇ ಪ್ರೈಮರಿ ಆಗಿಬಿಟ್ಟರೆ ಕೆಳಗಿನ ಮಹಡಿಯವರು ಒಂದರಲ್ಲಿ, ಮೇಲಿನವರು ಇನ್ನೊಂದರಲ್ಲಿ ಬಿಲ್ ಹಾಕುತ್ತಾರೆ. ಒಂದೇ ಸೀಟಿಗೆ ಇಬ್ಬರು ಕಂಡಕ್ಟರ್ ಟಿಕೆಟ್ ಹರಿದ ಹಾಗೆ ಒಂದೇ ಬಿಲ್ ನಂಬರ್ ಇಬ್ಬರ ಕೈಗೆ ಹೋಗುತ್ತದೆ. ಆಮೇಲೆ ಇವೆರಡನ್ನು ಬೆರೆಸಿಕೊಡುವ ಯಾವ ಟೂಲೂ ಇಲ್ಲ, ಕೂತು ಕೈಯಲ್ಲೇ ಬಿಡಿಸಬೇಕು. ಇದಕ್ಕೆ ಸ್ಪ್ಲಿಟ್ ಬ್ರೇನ್ ಅನ್ನುತ್ತಾರೆ. ಇದು ಚಿಕ್ಕವರ ಸಮಸ್ಯೆ ಮಾತ್ರ ಅಲ್ಲ. 2018ರ ಅಕ್ಟೋಬರ್ 21ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್‌ನಲ್ಲಿ ಅಮೆರಿಕದ ಪೂರ್ವ ತೀರದ ಸಂಪರ್ಕ ಕಡಿದದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಅವರ ಆಟೋಮ್ಯಾಟಿಕ್ ವ್ಯವಸ್ಥೆ ಪಶ್ಚಿಮ ತೀರದ ಡೇಟಾಬೇಸನ್ನು ಯಜಮಾನ ಮಾಡಿತು, ಎರಡೂ ಕಡೆ ಬೇರೆ ಬೇರೆ ಬರಹ ಬಿತ್ತು, ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಅವರ ಹತ್ತಿರ ಇಂಜಿನಿಯರುಗಳ ಪಡೆಯೇ ಇತ್ತು. ನಿಮ್ಮಲ್ಲಿ ನೀವೊಬ್ಬರೇ ಅಲ್ವಾ?

ತಾನಾಗಿಯೇ ಆಗಬೇಕು ಎಂದರೆ ಮೂರನೇ ಓಟು ಬೇಕು. ಮೂರನೆಯ ಒಂದು ಚಿಕ್ಕ ಮಷೀನ್ ಸಾಕ್ಷಿಯಾಗಿ ಕೂತು, ಯಾರ ಜೊತೆ ಬಹುಮತ ಇದೆಯೋ ಅವರೇ ಯಜಮಾನ ಎನ್ನಬೇಕು, ಜೊತೆಗೆ ಸೋತವರ ಕರೆಂಟನ್ನೇ ಕಡಿಯುವ ಏರ್ಪಾಡಿರಬೇಕು. ವರ್ಚುವಲ್ ಮಷೀನ್ ನಡೆಸುವ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ಕೂಡ ಎರಡು ಮಷೀನಿಗೆ ಮೂರನೇ ಓಟು ಕೇಳುವುದು ಇದಕ್ಕೇ. ಕಲಿಯಲು ಸಮಯವಿದ್ದರೆ ಆ ದಾರಿಗೆ ಹೋಗಿ. ಹತ್ತು ನಿಮಿಷ ನಿಲ್ಲಬಹುದು ಎಂದು ಕೌಂಟರಿನವರು ಹೇಳಿದ್ದಾರಲ್ಲ, ನಾನಂತೂ ಆ ಹತ್ತು ನಿಮಿಷ ತೆಗೆದುಕೊಳ್ಳುತ್ತೇನೆ.

ಎತ್ತುವ ಕ್ರಮ

ಮೊದಲು ಒಬ್ಬರು ನಡೆದು ಹೋಗಿ ಮೊದಲ ಸರ್ವರಿನ ಕರೆಂಟು ಕಿತ್ತುಹಾಕಬೇಕು. ‘ಅದು ಸತ್ತೇ ಇದೆ’ ಎಂದರೂ ಕೀಳಬೇಕು. ಸತ್ತಂತೆ ಕಾಣುವ ಸರ್ವರ್ ಐದು ನಿಮಿಷದ ಮೇಲೆ ತಾನಾಗಿ ಎದ್ದು ಕೂರುವುದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಆಮೇಲೆ ಎರಡನೇ ಸರ್ವರಿಗೆ ಲಾಗಿನ್ ಆಗಿ ನೀವು ಮೊದಲೇ ಬರೆದಿಟ್ಟ ಒಂದೇ ಒಂದು ಸ್ಕ್ರಿಪ್ಟ್ ಓಡಿಸಬೇಕು. ಆ ಸ್ಕ್ರಿಪ್ಟ್ 11 ಮತ್ತು 15 ಎರಡೂ ಉತ್ತರ ಕೊಡುತ್ತಿಲ್ಲ ಎಂದು ನೋಡಲಿ, ಕೊಟ್ಟರೆ ಅಲ್ಲೇ ನಿಲ್ಲಲಿ. ಕರೆಂಟು ಕಿತ್ತಿದ್ದೀರಾ ಎಂದು ಕೇಳಿ ಹೌದು ಎಂದು ಟೈಪ್ ಮಾಡಿಸಿಕೊಳ್ಳಲಿ. ಬಳಿಕ ಪೋಸ್ಟ್‌ಗ್ರೆಸ್ಸನ್ನು ಪ್ರಮೋಟ್ ಮಾಡಿ ಪ್ರೈಮರಿ ಆಗಿಸಲಿ, 15ನ್ನು ಹಾಕಿಕೊಳ್ಳಲಿ, ಎಆರ್‌ಪಿ ಘೋಷಣೆ ಕಳಿಸಲಿ, ಸಾಂಬಾ ಶುರು ಮಾಡಲಿ, ರಾತ್ರಿಯ ಬ್ಯಾಕಪ್ ಕೆಲಸವನ್ನು ಈ ಮಷೀನಿನಲ್ಲಿ ಆನ್ ಮಾಡಲಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಫೇಲ್‌ಓವರ್ ಆದ ದಿನದಿಂದ ಬ್ಯಾಕಪ್ಪೇ ಇಲ್ಲ ಎಂದು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಇದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ. ಎರಡೂ ಮಷೀನಿನ ಮೇಲೆ ಒಂದು, ಎರಡು ಎಂದು ಕಾಣುವ ಹಾಗೆ ಬರೆಯಿರಿ. ಸರ್ವರ್ ಬೀಳುವ ದಿನ ನೀವು ಊರಲ್ಲಿ ತಂಗಿಯ ಮದುವೆಯಲ್ಲಿರುತ್ತೀರಿ, ಕೆಲಸ ಮಾಡಬೇಕಾದವರು ಕ್ಯಾಷಿಯರ್. ಪಾಸ್‌ವರ್ಡ್ ಸೀಲ್ ಮಾಡಿದ ಕವರಿನಲ್ಲಿ ಬೀರುವಿನೊಳಗಿರಲಿ.

15 ಎಂಬ ಐಪಿ ಯಾವ ಮಷೀನಿನ ಬೂಟ್ ಸೆಟ್ಟಿಂಗ್‌ನಲ್ಲೂ ಇರಬಾರದು ಎನ್ನುವುದನ್ನು ನೆನಪಿಡಿ. ಹಾಗಾದರೆ ಇಡೀ ರಾತ್ರಿ ಕರೆಂಟು ಹೋಗಿ ಎರಡೂ ಆಫ್ ಆಗಿ ಬೆಳಿಗ್ಗೆ ಎದ್ದರೆ ಏನು ಗತಿ? ಬೂಟ್ ಆದಾಗ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ನಾನು ಪ್ರೈಮರಿ, ಎದುರಿನ ಸರ್ವರ್ ಕಾಣುತ್ತಿದೆ, ಅದು ತಾನು ಸ್ಟ್ಯಾಂಡ್‌ಬೈ ಎನ್ನುತ್ತಿದೆ, ಈ ಮೂರೂ ನಿಜವಾದರೆ ಮಾತ್ರ 15 ಹಾಕಿಕೊಳ್ಳಲಿ. ಎದುರಿನದು ಕಾಣದಿದ್ದರೆ ಮನುಷ್ಯ ಬರುವವರೆಗೆ ಕಾಯಲಿ.

ಬಿದ್ದ ಸರ್ವರ್ ರಿಪೇರಿಯಾಗಿ ಬಂದಾಗ ನೆಟ್‌ವರ್ಕ್ ಕೇಬಲ್ ಹಾಕದೆ ಆನ್ ಮಾಡಿ, ಪೋಸ್ಟ್‌ಗ್ರೆಸ್ ನಿಲ್ಲಿಸಿ, ಆಮೇಲೆ ಕೇಬಲ್ ಹಾಕಿ. ಪಿಜಿ ರಿವೈಂಡ್ ಎಂಬ ಟೂಲ್ ವ್ಯತ್ಯಾಸವನ್ನಷ್ಟೇ ಸರಿಮಾಡಿ ಅದನ್ನು ಸ್ಟ್ಯಾಂಡ್‌ಬೈ ಆಗಿಸುತ್ತದೆ, ಆದರೆ ಅದಕ್ಕೆ ಡೇಟಾ ಚೆಕ್‌ಸಮ್ ಅಥವಾ ಹಿಂಟ್ ಲಾಗಿಂಗ್ ಮೊದಲೇ ಆನ್ ಇರಬೇಕು. ಡೇಟಾಬೇಸ್ ಚಿಕ್ಕದಾದರೆ ಅದರ ಗೊಡವೆ ಬೇಡ, ಹೊಸದಾಗಿ ಬೇಸ್‌ಬ್ಯಾಕಪ್ ತೆಗೆಯಿರಿ. ಹಳೆಯ ಫೋಲ್ಡರ್ ಅಳಿಸಬೇಡಿ, ಹೆಸರು ಬದಲಿಸಿ. 2017ರ ಜನವರಿ 31ರಂದು, ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಇಂಜಿನಿಯರೊಬ್ಬರು ಹೊತ್ತು ಮೀರಿ ದುಡಿಯುತ್ತಾ ಸ್ಟ್ಯಾಂಡ್‌ಬೈ ಸರಿಮಾಡಲು ಹೋಗಿ, ಅಳಿಸುವ ಕಮಾಂಡನ್ನು ಪ್ರೈಮರಿಯಲ್ಲಿ ಓಡಿಸಿದರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ನಿಮ್ಮ ಎರಡು ಸರ್ವರಿನ ಪ್ರಾಂಪ್ಟಿಗೆ ಎರಡು ಬೇರೆ ಬಣ್ಣ ಕೊಡಿ, ಪ್ರೈಮರಿ ಕೆಂಪಗಿರಲಿ.

ಫೈಲುಗಳ ಕಥೆ ಚಿಕ್ಕದು. ಹದಿನೈದು ನಿಮಿಷಕ್ಕೊಮ್ಮೆ ಆರ್‌ಸಿಂಕ್ ಎಂಬ ಟೂಲ್ ಅವನ್ನು ಎರಡನೇ ಸರ್ವರಿಗೆ ಒಯ್ಯಲಿ, ಅಳಿಸಿದ ಮತ್ತು ಬದಲಾದ ಫೈಲುಗಳನ್ನು ತಾರೀಖಿನ ಫೋಲ್ಡರಿನಲ್ಲಿ ಪಕ್ಕಕ್ಕಿಡುವ ಆಯ್ಕೆ ಹಾಕಿ. ಪಾತ್ರ ಬದಲಾದ ದಿನ ಇದರ ದಿಕ್ಕೂ ಬದಲಾಗಬೇಕು, ಇಲ್ಲದಿದ್ದರೆ ಹಳೆಯದು ಹೊಸದನ್ನು ನುಂಗುತ್ತದೆ. ಸಾಂಬಾ ಯೂಸರ್, ಪಾಸ್‌ವರ್ಡ್, ಲಿನಕ್ಸ್ ಯೂಸರ್ ನಂಬರ್ ಎರಡರಲ್ಲೂ ಒಂದೇ ಇರಬೇಕು. ಟ್ಯಾಲಿ ಡೇಟಾ ಅದೇ ಫೋಲ್ಡರಿನಲ್ಲಿದ್ದರೆ ಎಲ್ಲರೂ ಕಂಪನಿ ಮುಚ್ಚಿದ ಮೇಲೆ ರಾತ್ರಿ ತೆಗೆದ ಕಾಪಿಯನ್ನೇ ನಂಬಿ, ತೆರೆದಿರುವಾಗ ತೆಗೆದದ್ದು ತೆರೆಯದೇ ಹೋಗಬಹುದು.

ಬ್ಯಾಕಪ್ ಎಂದರೆ ಬೇರೆ ಕಡೆ ಇರುವುದು

ಮೂರು ಕಾಪಿ, ಎರಡು ಬಗೆಯ ಜಾಗ, ಒಂದು ಕಟ್ಟಡದ ಹೊರಗೆ. ಈ 3-2-1 ಲೆಕ್ಕ ಹಳೆಯದು, ಈಗಲೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ದೊಡ್ಡ ಡಿಸ್ಕ್ ಹಾಕಿ ಮೂರನೇ ಮಷೀನ್ ಮಾಡಿ. ರಾತ್ರಿ ಈ ಮಷೀನೇ ಸರ್ವರಿನಿಂದ ಪಿಜಿ ಡಂಪ್ (ಡೇಟಾಬೇಸಿನ ಪೂರ್ತಿ ನಕಲು ಫೈಲ್), ಫೈಲು ಎಲ್ಲವನ್ನೂ ಎಳೆದುಕೊಳ್ಳಲಿ. ಸರ್ವರಿಗೆ ಈ ಮಷೀನಿನ ಪಾಸ್‌ವರ್ಡ್ ಗೊತ್ತಿರಬಾರದು. ರಾನ್ಸಮ್‌ವೇರ್ ಸರ್ವರಿಗೆ ಹೊಕ್ಕರೂ ಇಲ್ಲಿಗೆ ಬರುವ ಕೀಲಿ ಅದಕ್ಕೆ ಸಿಗದಿರಲಿ. ಅದರಿಂದ ಎರಡು ಯುಎಸ್‌ಬಿ ಡಿಸ್ಕಿಗೆ ಸರದಿಯಲ್ಲಿ ಕಾಪಿ, ಒಂದು ಯಾವಾಗಲೂ ಆಫೀಸಿನ ಹೊರಗೆ. ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಲೆಕ್ಕಕ್ಕಿಲ್ಲ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಮೇರ್ಸ್ಕ್ ಹಡಗು ಕಂಪನಿಯಲ್ಲಿ ಯೂಸರ್, ಪಾಸ್‌ವರ್ಡ್ ಲೆಕ್ಕ ಇಡುವ ಡೊಮೇನ್ ಕಂಟ್ರೋಲರ್‌ಗಳೆಲ್ಲ ಅಳಿಸಿಹೋದಾಗ ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು!

ಹೊರಗಿನ ಕಾಪಿಗೆ ರೆಸ್ಟಿಕ್ ಎಂಬ ಬ್ಯಾಕಪ್ ಟೂಲ್ ಚೆನ್ನಾಗಿದೆ, ಎನ್‌ಕ್ರಿಪ್ಟ್ ಮಾಡಿಯೇ ಕಳಿಸುತ್ತದೆ. ಅದರ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಹೊರಗಿಡಿ. ಸರ್ವರಿನೊಳಗೆ ಮಾತ್ರ ಇಟ್ಟರೆ ಸರ್ವರ್ ಹೋದ ದಿನ ಬ್ಯಾಕಪ್ಪೂ ಹೋಯಿತು. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಯಾಗಿದ್ದರೆ, 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನವೂ ಭಾರತದಲ್ಲೇ ಇರುವ ಸರ್ವರಿಗೆ ಹೋಗಬೇಕು. ಕ್ಲೌಡ್ ಆರಿಸುವಾಗ ಮುಂಬೈನಂಥ ಇಲ್ಲಿನ ರೀಜನ್ ಹಾಕಿ. ರೂಟರ್, ಸ್ವಿಚ್ಚಿನ ಸೆಟ್ಟಿಂಗ್, ಎರಡೂ ಸರ್ವರಿನ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್, ಸಾಫ್ಟ್‌ವೇರ್ ಲೈಸೆನ್ಸ್ ಕೀ ಕೂಡ ಬ್ಯಾಕಪ್‌ನಲ್ಲಿರಲಿ.

ಬ್ಯಾಕಪ್ ಕೆಟ್ಟರೆ ಮೆಸೇಜ್ ಬರಲಿ ಎಂದು ಹಾಕುವುದು ಸಾಲದು. ಗಿಟ್‌ಲ್ಯಾಬ್‌ನ ಅದೇ ಘಟನೆಯಲ್ಲಿ ಡಂಪ್ ತೆಗೆಯುವ ಟೂಲ್ 9.2 ಆವೃತ್ತಿ, ಡೇಟಾಬೇಸ್ 9.6. ದಿನವೂ ಸೋಲುತ್ತಿತ್ತು. ಸೋತೆ ಎಂದು ಕಳಿಸುತ್ತಿದ್ದ ಮೇಲ್‌ಗಳೂ ಡಿಮಾರ್ಕ್ ಎಂಬ ಮೇಲ್ ತಪಾಸಣೆಯ ಕಾರಣಕ್ಕೆ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬೇರೇನೋ ಕೆಲಸಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಬಚಾವಾದರು. ಆದ್ದರಿಂದ ಉಲ್ಟಾ ಮಾಡಿ: ಪ್ರತಿ ಬೆಳಿಗ್ಗೆ ‘ಬ್ಯಾಕಪ್ ಆಯಿತು, ಇಷ್ಟು ಎಂಬಿ, ನಿನ್ನೆ ಇಷ್ಟಿತ್ತು, ಸ್ಟ್ಯಾಂಡ್‌ಬೈ ಇಷ್ಟು ಸೆಕೆಂಡ್ ಹಿಂದಿದೆ’ ಎಂದು ಮೆಸೇಜ್ ಬರಲಿ. ಬಾರದ ದಿನ ಹೋಗಿ ನೋಡಿ.

ಪ್ಲಗ್ ಕಿತ್ತು ನೋಡುವುದು

ಶನಿವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಮೂರು ತಿಂಗಳಿಗೊಮ್ಮೆ ಮಾಡಿ. ಶಟ್‌ಡೌನ್ ಕೊಡಬೇಡಿ, ಶಟ್‌ಡೌನ್‌ನಲ್ಲಿ ಎಲ್ಲವೂ ಮರ್ಯಾದೆಯಿಂದ ನಿಲ್ಲುತ್ತದೆ, ನಿಜವಾದ ಸಾವು ಹಾಗಿರುವುದಿಲ್ಲ. ಮೊದಲು ಆ ದಿನದ ಬ್ಯಾಕಪ್ ಬಂದಿದೆ ಎಂದು ಖಚಿತ ಮಾಡಿಕೊಂಡು ಪ್ಲಗ್ ಕೀಳಿ. ಇನ್ನೊಂದು ಸಲ ನೆಟ್‌ವರ್ಕ್ ಕೇಬಲ್ ಮಾತ್ರ ಕೀಳಿ. ಮತ್ತೊಂದು ಸಲ ಒಂದು ಸ್ವಿಚ್ ಆಫ್ ಮಾಡಿ. ಗೋಡೆಯ ಮೇಲಿನ ಕಾಗದ ಓದಿಕೊಂಡು ಎತ್ತುವ ಕೆಲಸವನ್ನು ನೀವು ಮಾಡಬೇಡಿ, ಕ್ಯಾಷಿಯರ್ ಕೈಯಲ್ಲಿ ಮಾಡಿಸಿ, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಿ. ಅವರು ಎಲ್ಲಿ ತಡವರಿಸಿದರೋ ಆ ಸಾಲನ್ನು ತಿದ್ದಿ ಬರೆಯಿರಿ. ಗಡಿಯಾರ ನೋಡಿ ಎಷ್ಟು ನಿಮಿಷವಾಯಿತು ಎಂದು ಪುಸ್ತಕದಲ್ಲಿ ಬರೆದಿಡಿ.

ಅದೇ ಸಂಜೆ ಬ್ಯಾಕಪ್ ಡಿಸ್ಕಿನಿಂದ ಡಂಪನ್ನು ಯಾವುದಾದರೂ ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡಿ, ನಿನ್ನೆಯ ಬಿಲ್ ಎಷ್ಟು, ಕೊನೆಯ ಬಿಲ್ ನಂಬರ್ ಯಾವುದು ಎಂದು ಕ್ಯಾಷ್ ಪುಸ್ತಕದ ಜೊತೆ ಹೋಲಿಸಿ. ಫೈಲ್ ಇದೆ, ಸೈಜ್ ಸರಿ ಇದೆ ಅನ್ನುವುದು ಲೆಕ್ಕವಲ್ಲ, ತೆರೆದು ಓದಿದರೆ ಮಾತ್ರ ಬ್ಯಾಕಪ್. ಎರಡೂ ಸರ್ವರಿನ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯೇ ಎಂದೂ ಆಗಲೇ ನೋಡಿಬಿಡಿ, ಸಮಯ ತಪ್ಪಿದರೆ ಲಾಗ್ ಓದಿ ಏನಾಯಿತು ಎಂದು ಹೇಳುವುದು ಕಷ್ಟ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನವೂ ಸರ್ಕಾರದ ಎನ್‌ಐಸಿ ಅಥವಾ ಎನ್‌ಪಿಎಲ್ ಸಂಸ್ಥೆಯ ಸಮಯಕ್ಕೆ ಹೊಂದಿಸಿ ಎನ್ನುತ್ತದೆ, ಲಾಗ್‌ಗಳನ್ನು 180 ದಿನ ಇಡಿ ಎಂದೂ ಹೇಳುತ್ತದೆ.

ಡ್ರಿಲ್ ಮುಗಿದ ಮೇಲೆ ಹಳೆಯ ಸರ್ವರಿಗೆ ವಾಪಸ್ ಹೋಗುವ ಆತುರ ಬೇಡ. ಅದನ್ನು ಸ್ಟ್ಯಾಂಡ್‌ಬೈ ಮಾಡಿ, ಆರ್‌ಸಿಂಕ್ ದಿಕ್ಕು ತಿರುಗಿಸಿ, ಸೋಮವಾರದಿಂದ ಎರಡನೆಯದರ ಮೇಲೆಯೇ ಆಫೀಸು ನಡೆಯಲಿ. ಮುಂದಿನ ಡ್ರಿಲ್‌ನಲ್ಲಿ ಮತ್ತೆ ಮೊದಲನೆಯದಕ್ಕೆ.